ಗಾಯಾಳುವಿದ್ದೆಡೆಗೆ ನಡೆದ ಸಂತ ಕಮಿಲಸ್

ಅಪಘಾತವು ಆಸ್ಪತ್ರೆಯ ಬಾಗಿಲಲ್ಲಿ ಸಂಭವಿಸುವುದಿಲ್ಲ. ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯಲ್ಲಿ ಹಾವು ಕಡಿದವರಿಗೂ, ತೆಂಗಿನ ಮರದಿಂದ ಬಿದ್ದವರಿಗೂ, ರಸ್ತೆಯಲ್ಲಿ ವಾಹನ ಬಡಿದು ಗಾಯಗೊಂಡವರಿಗೂ ಕೊರಟಗೆರೆಯ ತಾಲ್ಲೂಕು ಆಸ್ಪತ್ರೆಯನ್ನೋ ತುಮಕೂರಿನ ಜಿಲ್ಲಾ ಆಸ್ಪತ್ರೆಯನ್ನೋ ತಲುಪುವವರೆಗಿನ ಹಾದಿಯೇ ಜೀವನ್ಮರಣದ ಹಾದಿ. ಆ ಹಾದಿಯಲ್ಲಿ ರೋಗಿಯ ಜೊತೆಗಿರುವವರು ಯಾರು? ನಾಲ್ಕು ಶತಮಾನಗಳ ಹಿಂದೆ ಈ ಪ್ರಶ್ನೆಗೆ ತಮ್ಮ ಬಾಳನ್ನೇ ಉತ್ತರವಾಗಿಸಿದವರು ಸಂತ ಕಮಿಲಸ್ ದೆ ಲೆಲಿಸ್. ಜುಲೈ 14 ಅವರ ಸ್ಮರಣೆಯ ದಿನ.

ಕಮಿಲಸರು 1550ರ ಮೇ 25ರಂದು ಇಟಲಿಯ ಬುಕ್ಕಿಯಾನಿಕೊ ಎಂಬಲ್ಲಿ ಜನಿಸಿದರು. ತಂದೆ ಸೇನಾಧಿಕಾರಿ. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಕಮಿಲಸರು ಹರೆಯದಲ್ಲಿ ಸಿಪಾಯಿಯಾದರು, ಜೂಜಿಗೆ ದಾಸರಾದರು. ಕಾಲಿಗಾದ ಹುಣ್ಣೊಂದು ಜೀವನಪರ್ಯಂತ ಮಾಯಲಿಲ್ಲ. ಅದರ ಚಿಕಿತ್ಸೆಗೆಂದು ರೋಮಿನ ಸಂತ ಜೇಮ್ಸರ ಆಸ್ಪತ್ರೆಯನ್ನು ಸೇರಿ, ಅಲ್ಲಿಯೇ ಪರಿಚಾರಕರಾಗಿ ದುಡಿದರೂ ಜೂಜು, ಜಗಳಗಳ ಕಾರಣ ಹೊರದೂಡಲ್ಪಟ್ಟರು. 1574ರಲ್ಲಿ ನೇಪಲ್ಸ್ ನಗರದಲ್ಲಿ ಇದ್ದುದೆಲ್ಲವನ್ನೂ ಜೂಜಿನಲ್ಲಿ ಸೋತು, ಕಪುಚಿನ್ ಮಠದ ಕಟ್ಟಡದ ಕೂಲಿಯಾಳಾದರು. 1575ರ ಫೆಬ್ರವರಿ 2ರಂದು ಅವರ ಮನಸ್ಸು ಪರಿವರ್ತನೆಗೊಂಡಿತು.

ಮಠವನ್ನು ಸೇರಲು ಕಾಲಿನ ಹುಣ್ಣೇ ಅಡ್ಡಿಯಾಯಿತು. ಅದೇ ಹುಣ್ಣು ಅವರನ್ನು ಮತ್ತೆ ಅದೇ ಆಸ್ಪತ್ರೆಗೆ ಕರೆತಂದಿತು. ಈ ಸಲ ಅವರು ಅದರ ಮೇಲ್ವಿಚಾರಕರಾಗುವಷ್ಟು ಬದಲಾಗಿದ್ದರು. ಕೂಲಿಗಾಗಿ ದುಡಿಯುವ ಪರಿಚಾರಕರ ಉದಾಸೀನವನ್ನು ಕಂಡು ನೊಂದ ಅವರು, ಪ್ರೀತಿಯಿಂದ ರೋಗಿಗಳ ಸೇವೆಗೈಯುವವರ ಕೂಟವೊಂದನ್ನು 1582ರಲ್ಲಿ ಕಲ್ಪಿಸಿದರು. 1584ರಲ್ಲಿ ಗುರುದೀಕ್ಷೆ ಪಡೆದರು. 1586ರಲ್ಲಿ ಜಗದ್ಗುರು 5ನೇ ಸಿಕ್ಸ್ತಸರು ಈ ಕೂಟಕ್ಕೆ ಮನ್ನಣೆಯಿತ್ತು, ಉಡುಪಿನ ಮೇಲೆ ಕೆಂಪು ಶಿಲುಬೆಯನ್ನು ಧರಿಸಲು ಅನುಮತಿಸಿದರು. ಪ್ರಾಣಕ್ಕೆ ಅಪಾಯವಿದ್ದರೂ ರೋಗಿಗಳನ್ನು ಕೈಬಿಡೆವೆಂಬುದು ಈ ಸಭೆಯವರ ನಾಲ್ಕನೆಯ ವ್ರತ.

ಈ ವ್ರತ ಮಾತಿನಲ್ಲಿ ಉಳಿಯಲಿಲ್ಲ. ನೇಪಲ್ಸ್ ಬಂದರಿನಲ್ಲಿ ದಡಕ್ಕಿಳಿಯಲು ಅನುಮತಿಯಿಲ್ಲದೆ ನಿಂತಿದ್ದ ಹಡಗುಗಳಲ್ಲಿ ಪ್ಲೇಗ್ ಹಬ್ಬಿದಾಗ, ಕಮಿಲಸರ ಸಂಗಡಿಗರು ಆ ಹಡಗುಗಳನ್ನೇ ಏರಿದರು. ಇಬ್ಬರು ಅದೇ ರೋಗಕ್ಕೆ ಬಲಿಯಾದರು. 1595ರಲ್ಲಿ ಮತ್ತು 1601ರಲ್ಲಿ ಹಂಗೇರಿ, ಕ್ರೊವೇಷಿಯಾಗಳ ಕಡೆಗೆ ಹೊರಟ ಸೈನ್ಯಗಳೊಡನೆ ನಡೆದು, ರಣರಂಗದಲ್ಲಿಯೇ ಗಾಯಾಳುಗಳನ್ನು ಆರೈಕೆ ಮಾಡಿದರು. ಇದನ್ನು ರಣರಂಗದ ಶುಶ್ರೂಷಾ ದಳಗಳಲ್ಲಿ ಮೊದಲನೆಯದೆಂದು ಎಣಿಸುವವರುಂಟು. 1598ರ ಡಿಸೆಂಬರಿನಲ್ಲಿ ಟೈಬರ್ ನದಿ ಉಕ್ಕಿ ರೋಮಿನ ಪವಿತ್ರಾತ್ಮರ ಆಸ್ಪತ್ರೆಗೆ ನೀರು ನುಗ್ಗಿದಾಗ, ಕಮಿಲಸರು ತಮ್ಮವರೊಡನೆ ರೋಗಿಗಳನ್ನು ಎತ್ತಿಕೊಂಡು ಸುರಕ್ಷಿತ ಸ್ಥಳಕ್ಕೆ ಸಾಗಿಸಿದರು. ಜೀವವಿರುವವರನ್ನೂ ಸತ್ತರೆಂದು ಹೂಳುವುದುಂಟೆಂದು ತಿಳಿದು, ಉಸಿರು ನಿಂತಂತೆ ಕಂಡ ಮೇಲೂ ಕನಿಷ್ಠ 15 ನಿಮಿಷ ಪ್ರಾರ್ಥಿಸುತ್ತ ಕಾಯಬೇಕೆಂದೂ, ಮುಖಕ್ಕೆ ಕೂಡಲೇ ಬಟ್ಟೆ ಹೊದಿಸಕೂಡದೆಂದೂ ಅವರು ಕಟ್ಟಪ್ಪಣೆ ಮಾಡಿದರು.

1614ರ ಜುಲೈ 14ರಂದು ರೋಮಿನಲ್ಲಿ ಕಮಿಲಸರು ನಿಧನರಾದರು. 1746ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು. 1886ರಲ್ಲಿ ಜಗದ್ಗುರು 13ನೇ ಲಿಯೊ ಅವರು ದೇವರ ಸಂತ ಜಾನರೊಡನೆ ಇವರನ್ನೂ ರೋಗಿಗಳ ಮತ್ತು ಆಸ್ಪತ್ರೆಗಳ ಪಾಲಕ ಸಂತರೆಂದು ಸಾರಿದರು. 1863ರಲ್ಲಿ ಜಿನೀವಾದಲ್ಲಿ ಹುಟ್ಟಿದ ರೆಡ್‌ಕ್ರಾಸ್ ಸಂಸ್ಥೆಯ ಲಾಂಛನವು ಬೇರೆಯದೇ. ಅದು ಸ್ವಿಟ್ಜರ್ಲೆಂಡಿನ ಧ್ವಜದ ಬಣ್ಣಗಳನ್ನು ಅದಲುಬದಲು ಮಾಡಿದ್ದು.

ಆರೈಕೆಯೇ ಗಾಯಾಳುವಿನ ಬಳಿಗೆ ಹೋಗಬೇಕೆಂಬ ಆ ತತ್ತ್ವವನ್ನು ನಮ್ಮ ನಾಡು 2008ರ ನವೆಂಬರ್ 1ರಂದು ಆರಂಭವಾದ 108 ಆರೋಗ್ಯ ಕವಚ ಸೇವೆಯಲ್ಲಿ ಕಂಡಿತು. ಆದರೆ ಆ ವಾಹನ ಬರುವವರೆಗಿನ ನಿಮಿಷಗಳು ಪಕ್ಕದಲ್ಲಿ ನಿಂತವರ ಕೈಯಲ್ಲಿವೆ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯೋಣ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕದಿರೋಣ. ಮರದಿಂದ ಬಿದ್ದವರ ಕುತ್ತಿಗೆ, ಬೆನ್ನುಗಳನ್ನು ಅಲುಗಿಸದಿರೋಣ. ಹಾವು ಕಡಿದ ಜಾಗವನ್ನು ಕೊಯ್ಯದೆ, ಕಾಲಹರಣ ಮಾಡದೆ ಆಸ್ಪತ್ರೆಗೆ ಸಾಗಿಸೋಣ.

ಪೋಲೀಸು, ಕೋರ್ಟು ಎಂದು ಅಂಜಿ ದೂರ ಸರಿಯುವವರು ನಮ್ಮಲ್ಲಿ ಹಲವರು. ನೆರವಾದವರನ್ನು ಇಂಥ ಕಿರುಕುಳದಿಂದ ರಕ್ಷಿಸುವ ಮಸೂದೆಯನ್ನು ಕರ್ನಾಟಕ ವಿಧಾನಮಂಡಲವು 2016ರಲ್ಲಿ ಅಂಗೀಕರಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು. ಇನ್ನು ಅಂಜಿಕೆಯ ನೆಪ ಹೇಳುವಂತಿಲ್ಲ. ಮಾಯದ ಗಾಯವನ್ನು ಹೊತ್ತುಕೊಂಡೇ ಕಮಿಲಸರು ಇತರರ ಗಾಯಗಳತ್ತ ನಡೆದರು. ಗಟ್ಟಿ ಕಾಲುಗಳುಳ್ಳ ನಾವು ಗಾಯಾಳುವನ್ನು ಕಂಡೂ ಹಾದುಹೋಗದಿರೋಣ.