ಸಾವಿನ ಸುದ್ದಿ ಓದಿದ ಕಂಠ

ಎರಡನೇ ಮಹಾಯುದ್ಧದ ದಿನಗಳಲ್ಲಿ ಸಿಬಿಸಿ ರೇಡಿಯೊ ವಾರ್ತೆಗೆ ಕೆನಡಾದ ಮನೆಮನೆಗಳು ಉಸಿರು ಬಿಗಿಹಿಡಿಯುತ್ತಿದ್ದವು. ಮಡಿದ ಸೈನಿಕರ ಹೆಸರು ಓದುತ್ತಿದ್ದ ಆ ಗಂಭೀರ ಕಂಠ ಲಾರ್ನ್ ಗ್ರೀನ್ ಅವರದು. ವಿನಾಶದ ದನಿ ಎಂಬ ಅಡ್ಡಹೆಸರೇ ಅವರಿಗೆ ಅಂಟಿತು.

ರಷ್ಯಾದಿಂದ ವಲಸೆ ಬಂದ ಯಹೂದಿ ದಂಪತಿಯ ಮಗನಾಗಿ 1915ರಲ್ಲಿ ಒಟ್ಟಾವಾದಲ್ಲಿ ಜನಿಸಿದ ಗ್ರೀನ್, ಕ್ವೀನ್ಸ್ ವಿಶ್ವವಿದ್ಯಾಲಯ ಸೇರಿದ್ದು ಕೆಮಿಕಲ್ ಎಂಜಿನಿಯರಿಂಗ್ ಓದಲೆಂದು. ಅಲ್ಲಿ ಅವರನ್ನು ಸೆಳೆದದ್ದು ರಂಗಭೂಮಿ. ಯುದ್ಧಾನಂತರ ಟೊರಾಂಟೊದಲ್ಲಿ ರೇಡಿಯೊ ಕಲೆಗಳ ಶಾಲೆ ತೆರೆದರು. ಉದ್ಘೋಷಕರಿಗೆ ಉಳಿದ ಸಮಯ ತಿಳಿಯಲೆಂದು ಹಿಮ್ಮುಖವಾಗಿ ಓಡುವ ಸ್ಟಾಪ್‌ವಾಚ್ ರೂಪಿಸಿದರು. ಆದರೆ ನಟನೊಬ್ಬನ ಜೀವನ ನಡೆಯುವಷ್ಟು ಅವಕಾಶ ಅಂದಿನ ಕೆನಡಾದಲ್ಲಿ ವಿರಳ. 1953ರಲ್ಲಿ ಬ್ರಾಡ್‌ವೇ ರಂಗವನ್ನೇರಿದ ಅವರು, 1955ರಲ್ಲಿ ತವರಿನ ಸ್ಟ್ರ್ಯಾಟ್‌ಫರ್ಡ್ ಉತ್ಸವದಲ್ಲಿ ಬ್ರೂಟಸ್ ಆದರು.

1959ರಿಂದ 1973ರವರೆಗೆ ಅಮೆರಿಕದ ‘ಬೊನಾಂಜಾ’ ಧಾರಾವಾಹಿಯಲ್ಲಿ ಮೂವರು ಗಂಡುಮಕ್ಕಳ ತಂದೆ ಬೆನ್ ಕಾರ್ಟ್‌ರೈಟ್ ಪಾತ್ರ ಅವರನ್ನು ಲೋಕವಿಖ್ಯಾತರನ್ನಾಗಿಸಿತು. ಹೆತ್ತವರಿಗೆ ಮಕ್ಕಳ ಮರಣವಾರ್ತೆ ಮುಟ್ಟಿಸಿದ ಕಂಠವೇ ಮಕ್ಕಳನ್ನು ಕಾಯುವ ತಂದೆಯ ಕಂಠವಾಯಿತು.

1969ರಲ್ಲಿ ಕೆನಡಾ ಅವರಿಗೆ ‘ಆರ್ಡರ್ ಆಫ್ ಕೆನಡಾ’ ಗೌರವ ನೀಡಿತು. 1987ರಲ್ಲಿ ಅವರು ಕಣ್ಣುಮುಚ್ಚಿದ್ದು ಕ್ಯಾಲಿಫೋರ್ನಿಯಾದಲ್ಲಿ. ತನ್ನ ಕಲಾವಿದರನ್ನು ನೆರೆಮನೆಯ ದೀಪದಲ್ಲಿ ಗುರುತಿಸುವ ನಾಡು ಅವರನ್ನು ಸನ್ಮಾನಿಸಬಲ್ಲದು, ಉಳಿಸಿಕೊಳ್ಳಲಾರದು.