ಸಣ್ಣ ಕಾಕಾನ ವಾಂತಿ ಮತ್ತು ಹಾಲ್ಡೇನ್ ಬರೆದ ಕುಂಬಾರರ ಕೆಮ್ಮು

ಸಿಂದಗಿ ತಾಲೂಕಿನ ನಮ್ಮೂರಾಗ ಕೀಟನಾಶಕ ಸಿಂಪಡಿಸೋದಕ್ಕೆ ಎಣ್ಣಿ ಹೊಡಿಯೋದು ಅಂತಾರ. ತೊಗರಿ ಹೂ ಬಿಡೋ ಹೊತ್ತಿಗೆ ನಮ್ಮ ಇಬ್ಬರು ಕಾಕಾಗಳು ಬೆನ್ನಿಗೆ ಪಂಪು ಕಟ್ಟಿಕೊಂಡು ಮಂದಿ ಹೊಲಕ್ಕೆ ಕೂಲಿಗೆ ಹೋಗ್ತಿದ್ರು. ಒಂದೇ ಹೊಲ, ಒಂದೇ ಡಬ್ಬಿಯ ಔಷಧ, ಒಂದೇ ಬಿಸಿಲು. ಸಂಜೆ ದೊಡ್ಡ ಕಾಕಾ ಕೈಕಾಲು ತೊಳಕೊಂಡು ರೊಟ್ಟಿ ಮುರೀತಿದ್ದ. ಸಣ್ಣ ಕಾಕಾ ಕಟ್ಟೆ ಮೇಲೆ ಕುಂತು ವಾಂತಿ ಮಾಡ್ಕೋತಿದ್ದ. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. ಎರಡು-ಮೂರು ಹಂಗಾಮು ಹೀಗಾದ ಮೇಲೆ ಊರು ತೀರ್ಪು ಕೊಟ್ಟುಬಿಟ್ಟಿತು, ಸಣ್ಣವನ ಮೈಯಾಗ ತಾಕತ್ತಿಲ್ಲ ಅಂತ. ಎಣ್ಣಿ ಹೊಡೆಯೋ ಕೂಲಿ ಕಳೆ ತೆಗೆಯೋ ಕೂಲಿಗಿಂತ ಜಾಸ್ತಿ. ಅದು ಅವನ ಕೈ ತಪ್ಪಿತು. ಆ ಮಾತು ಮಾತ್ರ ಕೊನೇವರೆಗೂ ಬೆನ್ನು ಬಿಡಲಿಲ್ಲ.

ನಾನೀಗ ಮುದ್ದೇಬಿಹಾಳದಲ್ಲಿ ಹುಡುಗರಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಹೋದ ವರ್ಷ ಇಂಡಿ ಕಡೆಯ, ನಿಂಬೆ ತೋಟದ ಮನೆಯ ಹುಡುಗನೊಬ್ಬ ಒಂದು ಪ್ರಶ್ನೆ ಕೇಳಿದ. ವಿಷ ಕರಗಿಸೋ ಜೀನು ಕೆಲವರಲ್ಲಿ ಇರಲ್ಲ ಅಂತೀರಲ್ಲ, ಹಂಗಾದರೆ ರಕ್ತ ಪರೀಕ್ಷೆ ಮಾಡಿ ಜೀನು ಇದ್ದವರನ್ನಷ್ಟೇ ಎಣ್ಣಿ ಹೊಡೆಯೋಕೆ ಕಳಿಸಿದರೆ ಆಯ್ತಲ್ಲ ಅಂದ. ಬುದ್ಧಿವಂತ ಪ್ರಶ್ನೆ. ಇದೇ ವಿಚಾರವನ್ನು 1938ರಲ್ಲೇ ಬಹಳ ದೊಡ್ಡ ಮನುಷ್ಯರೊಬ್ಬರು ಬರೆದಿದ್ದರು. ಅವರ ಹೆಸರು ಜೆ.ಬಿ.ಎಸ್. ಹಾಲ್ಡೇನ್.

ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ವಿಜ್ಞಾನಿ. ಗಣಿಯಲ್ಲಿ ಸ್ಫೋಟವಾದಾಗ ಹೆಚ್ಚು ಮಂದಿಯನ್ನು ಕೊಲ್ಲುವುದು ಬೆಂಕಿಯಲ್ಲ, ಕಾರ್ಬನ್ ಮಾನಾಕ್ಸೈಡ್ ಅನಿಲ ಎಂದು ತೋರಿಸಿದವರು. ಈ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹಾಗಾಗಿ ಮನುಷ್ಯನಿಗಿಂತ ಬೇಗ ವಿಷ ತಟ್ಟುವ ಇಲಿಯನ್ನೋ ಕ್ಯಾನರಿ ಹಕ್ಕಿಯನ್ನೋ ಗಣಿಯೊಳಗೆ ಒಯ್ಯಿರಿ ಎಂದು ಸಲಹೆ ಕೊಟ್ಟವರೂ ಅವರೇ.

ಮಗನಿಗೆ ಪಾಠ ಆದದ್ದೂ ಗಣಿಯಲ್ಲೇ. ಉತ್ತರ ಸ್ಟಾಫರ್ಡ್‌ಶೈರಿನ ಒಂದು ಹಳೇ ಗಣಿಯಲ್ಲಿ ಅಪ್ಪ ಹುಡುಗನನ್ನು ನೆಟ್ಟಗೆ ನಿಲ್ಲಿಸಿ ಶೇಕ್ಸ್‌ಪಿಯರ್ ನಾಟಕದ ಒಂದು ಭಾಷಣ ಒಪ್ಪಿಸಲು ಹೇಳಿದರು. ಸ್ವಲ್ಪ ಹೊತ್ತಿಗೇ ಹುಡುಗನ ಕಾಲು ಕುಸಿದವು. ನೆಲಕ್ಕೆ ಬಿದ್ದ ಮೇಲೆ ಉಸಿರು ಸರಿಹೋಯಿತು. ಮೀಥೇನ್ ಗಾಳಿಗಿಂತ ಹಗುರ, ಮೇಲೆ ನಿಲ್ಲುತ್ತದೆ ಎಂಬುದನ್ನು ಅವನು ಮತ್ತೆ ಮರೆಯಲಿಲ್ಲ. 1915ರಲ್ಲಿ ಜರ್ಮನ್ನರು ಯುದ್ಧದಲ್ಲಿ ಕ್ಲೋರಿನ್ ಬಿಟ್ಟಾಗ ಅಪ್ಪ-ಮಗ ಇಬ್ಬರೂ ಕ್ಲೋರಿನ್ ತುಂಬಿದ ಕೋಣೆಯೊಳಗೆ ಹೋಗಿ ಮುಖವಾಡಗಳನ್ನು ಪರೀಕ್ಷಿಸಿದರು. 1939ರಲ್ಲಿ ಥೆಟಿಸ್ ಎಂಬ ಜಲಾಂತರ್ಗಾಮಿ ಮುಳುಗಿ 99 ಮಂದಿ ಸತ್ತಾಗಲೂ ಅಷ್ಟೇ. ಮುಚ್ಚಿದ ಪೆಟ್ಟಿಗೆಯೊಳಗೆ ಕೆಟ್ಟ ಗಾಳಿ ಮನುಷ್ಯನಿಗೆ ಏನು ಮಾಡುತ್ತೆ ಅಂತ ಹಾಲ್ಡೇನ್ ತಾವೇ ಒಳಗೆ ಕೂತು ನೋಡಿದರು. ವಿಷವನ್ನು ಮೊದಲು ತನ್ನ ಮೈಗೆ ತಾಗಿಸಿಕೊಳ್ಳೋದು ಅವರ ಮನೆತನದ ಪದ್ಧತಿ ಆಗಿತ್ತು.

ಕೇಂಬ್ರಿಜ್‌ನಲ್ಲಿ ಅವರ ಕೆಲಸ ಕಿಣ್ವಗಳ ಮೇಲೆ. 1930ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. 1932ರಲ್ಲಿ ಡಾರ್ವಿನ್ನನ ವಿಕಾಸವಾದಕ್ಕೂ ಮೆಂಡೆಲ್‌ನ ತಳಿನಿಯಮಕ್ಕೂ ಗಣಿತದ ಗಂಟು ಹಾಕಿದ ಪುಸ್ತಕ ಬಂತು. ಕಿಣ್ವ ಮತ್ತು ಜೀನು ಎರಡೂ ಒಬ್ಬರ ತಲೆಯೊಳಗೇ ಇದ್ದದ್ದರಿಂದ ಅವರಿಗೆ ಒಂದು ವಿಷಯ ಬೇಗ ಹೊಳೆಯಿತು. ಎಲ್ಲರ ಮೈಯೂ ವಿಷವನ್ನು ಒಂದೇ ರೀತಿ ಸಂಭಾಳಿಸುವುದಿಲ್ಲ, ಈ ವ್ಯತ್ಯಾಸ ಹುಟ್ಟಿನಿಂದಲೂ ಬಂದಿರಬಹುದು.

1938ರಲ್ಲಿ ಅನುವಂಶೀಯತೆ ಮತ್ತು ರಾಜಕೀಯದ ಬಗ್ಗೆ ಬರೆದ ಪುಸ್ತಕದಲ್ಲಿ ಅವರು ಹಿಟ್ಲರನ ಕಾಲದ ಜನಾಂಗವಾದದ ಪೊಳ್ಳನ್ನು ಬಿಡಿಸಿಟ್ಟರು. ಅದೇ ಪುಸ್ತಕದಲ್ಲಿ ಕುಂಬಾರಿಕೆ ಕಾರ್ಖಾನೆಗಳ ಕೆಲಸಗಾರರ ಕೆಮ್ಮಿನ ಮಾತೂ ಬರುತ್ತದೆ. ಧೂಳು ಎಲ್ಲರೂ ಕುಡಿಯುತ್ತಾರೆ, ಆದರೆ ಬಹುಪಾಲು ಮಂದಿ ಆ ಕೆಮ್ಮಿನಿಂದ ಸಾಯುವುದಿಲ್ಲ. ಕೆಲವರ ಮೈ ಮಾತ್ರ ಅದಕ್ಕೆ ಸೋಲುವಂಥದ್ದಾದರೆ, ಅಂಥವರನ್ನು ಮೊದಲೇ ಗುರುತಿಸಿ ಕೆಲಸಕ್ಕೆ ಸೇರಿಸಿಕೊಳ್ಳದೆ ರೋಗ ತಪ್ಪಿಸಬಹುದು ಎಂದು ಅವರು ಲೆಕ್ಕ ಹಾಕಿದರು. ಒಳ್ಳೆಯ ಉದ್ದೇಶವೇ. ಆದರೆ ಕಾರ್ಖಾನೆ ಬಾಗಿಲಲ್ಲಿ ವಾಪಸು ಕಳಿಸಿದ ಕುಂಬಾರ ಅವತ್ತು ರಾತ್ರಿ ಏನು ಉಣ್ಣಬೇಕು? ಇಲ್ಲಿ ನನಗೆ ಸಣ್ಣ ಕಾಕಾ ನೆನಪಾಗ್ತಾನೆ.

ಹಾಲ್ಡೇನ್ ತಪ್ಪೇ ಮಾಡದ ದೇವರೇನಲ್ಲ. ಕಮ್ಯುನಿಸ್ಟರಾಗಿದ್ದ ಅವರು, ಸ್ಟಾಲಿನ್ ಬೆಂಬಲದಿಂದ ಲೈಸೆಂಕೊ ತಳಿವಿಜ್ಞಾನವನ್ನೇ ಹಾಳುಗೆಡವಿದಾಗ ಅದನ್ನು ನೇರವಾಗಿ ಖಂಡಿಸಲು ಹಿಂಜರಿದರು. ಆದರೆ 1938ರ ತಮ್ಮದೇ ಲೆಕ್ಕವನ್ನು ಅಲುಗಾಡಿಸುವ ವಿಚಾರವನ್ನೂ ಅವರೇ ಕೊಟ್ಟರು. ಮಲೇರಿಯಾ ಇದ್ದ ಸೀಮೆಗಳಲ್ಲೇ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಜೀನು ಹೆಚ್ಚಾಗಿರುವುದು ಯಾಕೆ? ಅದರ ಒಂದೇ ಪ್ರತಿ ಇದ್ದವರಿಗೆ ಅದು ಮಲೇರಿಯಾದಿಂದ ರಕ್ಷಣೆ ಕೊಡುತ್ತಿರಬೇಕು ಎಂದು 1949ರಲ್ಲಿ ಸೂಚಿಸಿದರು. ಅಂದರೆ ಒಂದು ಕಡೆ ದೋಷ ಅನ್ನಿಸಿಕೊಂಡ ಜೀನು ಇನ್ನೊಂದು ಕಡೆ ಕಾಯುವ ಜೀನು ಆಗಬಹುದು.

1957ರಲ್ಲಿ ಅವರು ಇಂಗ್ಲೆಂಡ್ ಬಿಟ್ಟು ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಬಂದರು. ಧೋತರ, ಕುರ್ತಾ ಉಟ್ಟರು, ಭಾರತದ ಪೌರರಾದರು. ಶಿಷ್ಯ ಕೃಷ್ಣ ದ್ರೋಣಂರಾಜು ಅವರ ಜೊತೆ ಆಂಧ್ರದ ಒಳಸಂಬಂಧದ ಮದುವೆಗಳ ಬಗ್ಗೆ ಆಸಕ್ತಿ ವಹಿಸಿದರು. ಸೋದರಮಾವನಿಗೆ ಹೆಣ್ಣು ಕೊಡೋದು ನಮ್ಮ ಕಡೆಯೂ ಹೊಸದಲ್ಲ.

ಅದೇ ವರ್ಷಗಳಲ್ಲಿ ಮದ್ರಾಸಿನ ಕ್ಷಯರೋಗ ಚಿಕಿತ್ಸಾ ಕೇಂದ್ರ 1938ರ ಪ್ರಶ್ನೆಗೆ ಬೇರೆ ದಾರಿಯಿಂದ ಉತ್ತರ ಕೊಡ್ತಾ ಇತ್ತು. ಐಸೊನಿಯಾಜಿಡ್ ಮಾತ್ರೆಯನ್ನು ಕೆಲವರ ಪಿತ್ತಜನಕಾಂಗ ಬೇಗ ಕರಗಿಸುತ್ತೆ, ಕೆಲವರದು ನಿಧಾನ. ದಕ್ಷಿಣ ಭಾರತದಲ್ಲಿ ನಿಧಾನದವರು ಸುಮಾರು ಶೇ. 60. ನಿಧಾನದವರಿಗೆ ಅಂಗಾಲು ಉರಿ ಬರುವ ಸಾಧ್ಯತೆ ಹೆಚ್ಚು. ವಿಟಮಿನ್ ಬಿ6 ಕೊಟ್ಟರೆ ಅದನ್ನು ತಡೆಯಬಹುದು. ಬೇಗನೆ ಕರಗಿಸುವವರಿಗೆ ವಾರಕ್ಕೊಮ್ಮೆ ಕೊಡುವ ಚಿಕಿತ್ಸೆ ಅಷ್ಟಾಗಿ ಹಿಡಿಯಲಿಲ್ಲ. ಈಗ ಹೇಳಿ, ಇದರಲ್ಲಿ ತಾಕತ್ತಿಲ್ಲದವರು ಯಾರು? ನೂರಕ್ಕೆ ಅರವತ್ತು ಮಂದಿಯಾ, ಉಳಿದ ನಲವತ್ತಾ?

ಮುಂದೆ ಇಂಥವು ಸಾಲುಸಾಲಾಗಿ ಸಿಕ್ಕವು. ಹೊಗೆ, ಧೂಳಿನ ವಿಷವನ್ನು ಹೊರಹಾಕಲು ನೆರವಾಗುವ ಜಿಎಸ್‌ಟಿಎಂ1 ಎಂಬ ಜೀನು ಆರೋಗ್ಯವಂತ ಯುರೋಪಿಯನ್ನರಲ್ಲಿ ಸುಮಾರು ಅರ್ಧ ಮಂದಿಗೆ ಇಲ್ಲವೇ ಇಲ್ಲ. ದಕ್ಷಿಣ ಭಾರತದಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಇಲ್ಲ. ಅವರೆಲ್ಲ ಉಳುತ್ತಾರೆ, ಬಿತ್ತುತ್ತಾರೆ, ಮೊಮ್ಮಕ್ಕಳನ್ನು ಆಡಿಸುತ್ತಾರೆ. ಒಂದು ಜೀನಿನ ಕೆಲಸವನ್ನು ಇನ್ನೊಂದು ಅಷ್ಟಿಷ್ಟು ಮಾಡಿಕೊಂಡು ಹೋಗುತ್ತೆ. ನಮ್ಮ ಹೊಲಗಳಿಗೆ ಹೊಡೆಯುವ ಕೆಲವು ಕೀಟನಾಶಕಗಳನ್ನು ಮುರಿಯುವ ಪ್ಯಾರಾಕ್ಸೊನೇಸ್ ಕಿಣ್ವಕ್ಕೂ ಎರಡು ರೂಪ. ಎರಡೂ ಎಲ್ಲ ಜನರಲ್ಲಿ ಧಾರಾಳವಾಗಿವೆ.

ಇಂಥ ತಿಳಿವಳಿಕೆ ಬೇಡ ಅಂತ ನಾನು ಹೇಳ್ತಿಲ್ಲ. ಆಂಧ್ರ, ಕರ್ನಾಟಕದ ವೈಶ್ಯ ಸಮುದಾಯದ ಕೆಲವರಲ್ಲಿ ಒಂದು ಕಿಣ್ವದ ಕೊರತೆ ಇದೆ. ಆಪರೇಷನ್ ವೇಳೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧ ಅವರ ಮೈಯಲ್ಲಿ ಬೇಗ ಇಳಿಯುವುದಿಲ್ಲ. ಇದು ಗೊತ್ತಿದ್ದ ವೈದ್ಯರು ಏನು ಮಾಡುತ್ತಾರೆ? ನಿನಗೆ ಆಪರೇಷನ್ ಇಲ್ಲ, ನಡಿ ಅಂತ ಕಳಿಸಲ್ಲ. ಔಷಧ ಬದಲಿಸುತ್ತಾರೆ. ಜೀನಿನ ಜ್ಞಾನವನ್ನು ಬಳಸಬೇಕಾದ ರೀತಿ ಇದು.

ಹೊಲದಲ್ಲಿ ಮಾತ್ರ ನಾವು ಉಲ್ಟಾ ಯೋಚಿಸ್ತೀವಿ. ಇಂಡಿಯ ನಿಂಬೆಗೂ, ಬಸವನ ಬಾಗೇವಾಡಿ ಕಡೆಯ ದ್ರಾಕ್ಷಿಗೂ, ಮುದ್ದೇಬಿಹಾಳದ ಹತ್ತಿಗೂ ಎಣ್ಣಿ ಹೊಡೆಯುವವನಿಗೆ ಕೈಗವಸು ಇಲ್ಲ, ಮುಖಕ್ಕೆ ಒಂದು ಟವೆಲ್ಲು. ಅವನು ಬಿದ್ದರೆ ಅವನ ಮೈ ಸರಿ ಇಲ್ಲ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬೇಡಿ ಎಂದ ಬಸವಣ್ಣ ಹುಟ್ಟಿದ ಸೀಮೆ ಇದು. ಜಾತಿ ನೋಡಿ ಬಾಗಿಲು ಹಾಕಿದ್ದು ಸಾಲದು ಅಂತ ಈಗ ಜೀನು ನೋಡಿ ಹಾಕಬೇಕಾ?

ಹಾಲ್ಡೇನ್ 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಇಚ್ಛೆಯಂತೆ ದೇಹ ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಹೋಯಿತು. ಸತ್ತ ಮೇಲೂ ತನ್ನ ಮೈಯನ್ನು ಪಾಠಕ್ಕೆ ಕೊಟ್ಟ ಮನುಷ್ಯ.

ಇಂಡಿಯ ಹುಡುಗನಿಗೆ ನಾನು ಮಗ ಹಾಲ್ಡೇನರ ಲೆಕ್ಕ ಹೇಳಿ, ಆಮೇಲೆ ಅಪ್ಪ ಹಾಲ್ಡೇನರ ಹಕ್ಕಿಯ ಕತೆ ಹೇಳಿದೆ. ಕ್ಯಾನರಿ ಬಿದ್ದಾಗ ಇನ್ನೂ ಗಟ್ಟಿ ಕ್ಯಾನರಿ ತನ್ನಿ ಅಂತ ಯಾರೂ ಅನ್ನಲಿಲ್ಲ. ಎಲ್ಲರೂ ಗಣಿಯಿಂದ ಹೊರಗೆ ಬಂದರು.

ಇನ್ನೊಂದು ಮಾತು ಅವನಿಗೆ ಹೇಳಲಿಲ್ಲ, ಇಲ್ಲಿ ಹೇಳ್ತೇನೆ. ಸಣ್ಣ ಕಾಕಾ ಸತ್ತ ಮೇಲೆ ಅಟ್ಟದ ಮೇಲಿಂದ ಅವೆರಡು ಪಂಪುಗಳನ್ನು ಇಳಿಸಿದೆವು. ದೊಡ್ಡವನದು ಸರಿ ಇತ್ತು. ಸಣ್ಣವನ ಪಾಲಿಗೆ ಯಾವಾಗಲೂ ಬರುತ್ತಿದ್ದ ಹಳೇ ಪಂಪಿನ ತಳದಲ್ಲಿ ಬಿರುಕಿತ್ತು. ಅದಕ್ಕೆ ಬಟ್ಟೆ ತುರುಕಿ, ಮೇಣ ಮೆತ್ತಿದ್ದ. ಅಷ್ಟು ವರ್ಷ ಅವನ ಬೆನ್ನ ಮೇಲೆ ವಿಷ ಸೋರಿತ್ತು. ಅವನ ರಕ್ತದಲ್ಲಿ ಏನಿತ್ತೋ ಅದನ್ನು ಯಾರೂ ನೋಡಲಿಲ್ಲ. ಪಂಪನ್ನಾದರೂ ನೋಡಬಹುದಿತ್ತು.