ಪಿಟೀಲು ಚೌಡಯ್ಯನವರು

ಎರಡು ವರ್ಷಗಳ ಹಿಂದೆ ನಾವು ಕೇರಳದ ಆಲುವಕ್ಕೆ ಹೋಗಿದ್ದೆವು. ಪೆರಿಯಾರ್ ನದಿಯ ದಡದ ಆ ಊರಿನಲ್ಲಿ ಇಗರ್ಜಿಯೊಂದರ ಹಬ್ಬ ನಡೆದಿತ್ತು. ಮೆರವಣಿಗೆಯ ಮುಂದೆ ಬ್ಯಾಂಡಿನವರು ಕ್ಲಾರಿನೆಟ್ ನುಡಿಸುತ್ತ ಬಂದರು. ಮೇಳ ಮುಗಿದ ಮೇಲೆ ಅವರಲ್ಲಿ ಹಿರಿಯರೊಬ್ಬರು ನಮ್ಮೊಡನೆ ಮಾತಿಗೆ ಕುಳಿತು ಒಂದು ಸಂಗತಿಯನ್ನು ತಿಳಿಸಿದರು. ಸಾಧಾರಣ ಕ್ಲಾರಿನೆಟ್ಟಿಗೆ ಬಾಸ್ ಕ್ಲಾರಿನೆಟ್ ಎಂಬ ಅಣ್ಣನೊಬ್ಬನಿದ್ದಾನೆ. ಅವನ ಸ್ವರ ಒಂದು ಸ್ಥಾಯಿ ಕೆಳಗೆ. ಬೆರಳಿಡುವ ಜಾಗ ಬಹುಮಟ್ಟಿಗೆ ಒಂದೇ. ಆದರೂ ಮೊದಲನೆಯದರಲ್ಲಿ ನುರಿತವನು ಎರಡನೆಯದನ್ನು ಕೈಗೆತ್ತಿಕೊಂಡರೆ ಮೊದಮೊದಲು ಕೀರಲು ಸದ್ದೇ ಹೊರಡುತ್ತದೆ. ತುಟಿಯ ಬಿಗಿಯನ್ನು ಸಡಿಲಿಸಬೇಕು, ಹೆಚ್ಚು ಉಸಿರನ್ನು ಹಿಡಿದು ಬಿಡಬೇಕು. ಏನೂ ಅರಿಯದವನಿಗಿಂತ ಬಲ್ಲವನಿಗೇ ಕಷ್ಟ ಹೆಚ್ಚು. ಹಳೆಯ ಅಭ್ಯಾಸ ಅವನನ್ನು ಬಿಡುವುದಿಲ್ಲ. ಈ ಮಾತನ್ನು ಕೇಳುತ್ತಿದ್ದಾಗ ನಮ್ಮ ಮನಸ್ಸು ಮೈಸೂರಿನ ಕಡೆಗೆ ಹರಿಯಿತು. ಕೀರ್ತಿ ಬಂದ ಮೇಲೆ ತಮ್ಮ ವಾದ್ಯವನ್ನೇ ಬದಲಿಸಿಕೊಂಡು ಮತ್ತೆ ವಿದ್ಯಾರ್ಥಿಯಾದ ಮಹನೀಯರೊಬ್ಬರು ನಮ್ಮ ನಾಡಿನಲ್ಲಿಯೇ ಇದ್ದರಲ್ಲವೆ? ಅವರೇ ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು.

ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ಕ್ಷೇತ್ರ ಅವರ ಹುಟ್ಟೂರು. ಹುಟ್ಟಿದ್ದು 1895ರಲ್ಲಿ. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮನವರು. 1910ರಲ್ಲಿ ಬಾಲಕ ಚೌಡಯ್ಯನು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯನಾದನು. ಕೃಷ್ಣಪ್ಪನವರು ಉಡುಪಿ ಸೀಮೆಯ ನಂದಳಿಕೆಯವರು. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರು. ಅವರು ಸ್ವತಃ ಹಾಡುಗಾರರು. ಗುರುಗಳ ಕಂಠದಲ್ಲಿ ಬಂದುದೆಲ್ಲವೂ ಶಿಷ್ಯನ ತಂತಿಯಲ್ಲಿ ಬರಬೇಕು. 1918ರವರೆಗೆ ಎಂಟು ವರ್ಷಗಳ ಕಾಲ ಈ ಶಿಕ್ಷಣ ನಡೆಯಿತು. ಅಂದಿನ ಗುರುಕುಲವಾಸದ ಕಟ್ಟುನಿಟ್ಟನ್ನು ಇಂದಿನ ನಮ್ಮ ಬಾಲಕ ಬಾಲಿಕೆಯರು ಊಹಿಸಿಕೊಳ್ಳುವುದು ಸುಲಭವಲ್ಲ. ಅದನ್ನು ವಿಸ್ತರಿಸಲು ಇಲ್ಲಿ ಸ್ಥಳವೂ ಇಲ್ಲ.

1927ರ ವೇಳೆಗೆ ಚೌಡಯ್ಯನವರ ಹೆಸರು ದಕ್ಷಿಣ ದೇಶದಲ್ಲೆಲ್ಲ ಹಬ್ಬಿತ್ತು. ಆಗ ಅವರಿಗೆ ಮೂವತ್ತೆರಡು ವರ್ಷ. ದೊಡ್ಡ ವಿದ್ವಾಂಸರ ಪಕ್ಕದಲ್ಲಿ ಕುಳಿತು ನುಡಿಸುವ ಭಾಗ್ಯ ದೊರೆತಿತ್ತು. ಆದರೆ ಒಂದು ಕೊರತೆ ಅವರನ್ನು ಬಾಧಿಸುತ್ತಿತ್ತು. ಅಂದಿನ ಕಚೇರಿಗಳಲ್ಲಿ ಧ್ವನಿವರ್ಧಕವಿರಲಿಲ್ಲ. ಗಾಯಕರ ಕಂಠ ಸಭೆಯ ಕೊನೆಯನ್ನು ಮುಟ್ಟುತ್ತಿತ್ತು, ಮೃದಂಗವೂ ಮುಟ್ಟುತ್ತಿತ್ತು. ನಾಲ್ಕು ತಂತಿಯ ಪಿಟೀಲಿನ ನಾದ ಮಾತ್ರ ಮುಂದಿನ ಸಾಲುಗಳಲ್ಲಿಯೇ ನಿಂತುಬಿಡುತ್ತಿತ್ತು. ಕಾಸು ಕೊಡಲಾರದೆ ಹಿಂದೆ ಕುಳಿತ ಬಡ ರಸಿಕನಿಗೆ ಕಮಾನು ಆಡುವುದಷ್ಟೇ ಕಾಣುತ್ತಿತ್ತೆಂದು ಹೇಳಿದರೆ ಹೆಚ್ಚಾಗಲಾರದು.

ಚೌಡಯ್ಯನವರಿಗೆ ಪಿಟೀಲಿನ ರಚನೆಯ ಮರ್ಮ ತಿಳಿದಿತ್ತು. ಅವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಸಿದ್ಧಪಡಿಸಿದರು. ಹಳೆಯ ತಂತಿಗಳ ಮಗ್ಗುಲಲ್ಲಿಯೇ ಜೊತೆಯ ತಂತಿಗಳು ನಿಂತವು. ಕೇಳಲು ಇದು ಸುಲಭವೆಂದು ತೋರುತ್ತದೆ. ಅದರ ಕಷ್ಟವನ್ನು ಅರಿಯಬೇಕಾದರೆ ವಾಚಕರು ಪಿಟೀಲಿನ ತಂತಿಯ ಮೇಲೆ ಒಮ್ಮೆ ಬೆರಳಿಟ್ಟು ನೋಡಬೇಕು. ಅಲ್ಲಿ ವೀಣೆಯಲ್ಲಿರುವಂತೆ ಮೆಟ್ಟಿಲುಗಳಿಲ್ಲ. ಬೆರಳು ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಒಂದು ತಂತಿಗೇ ಹೀಗಾದರೆ, ಒಂದೇ ಬೆರಳು ಎರಡು ತಂತಿಗಳನ್ನು ಒತ್ತಬೇಕಾದಾಗ ಹೇಗೆ? ಎರಡೂ ಒಂದೇ ಕ್ಷಣದಲ್ಲಿ ಒಂದೇ ಸ್ವರದಲ್ಲಿ ಮಿಡಿಯಬೇಕು. ಒಂದು ತಂತಿ ತುಸು ಇಳಿದಿದ್ದರೂ ಸಾಕು, ನಾದ ಒಡೆಯುತ್ತದೆ. ಕಮಾನಿಗೂ ಹೊಸ ತೂಕ ಬೇಕು: ಹೆಚ್ಚು ಒತ್ತಿದರೆ ಕರ್ಕಶ, ಕಡಮೆ ಒತ್ತಿದರೆ ಜೊತೆಯ ತಂತಿ ಮೂಕ. ಶ್ರುತಿ ಮಾಡುವ ಕೆಲಸವಂತೂ ಇಮ್ಮಡಿ. ಹದಿನೇಳು ವರ್ಷಗಳಲ್ಲಿ ಕೈಗೆ ಕೂಡಿಬಂದಿದ್ದ ಹದವನ್ನು ಅವರು ಮತ್ತೆ ಮೊದಲಿನಿಂದ ಹುಡುಕಬೇಕಾಯಿತು.

ಹೊಸಬನು ತಪ್ಪಿದರೆ ಸಭಿಕರು ಕ್ಷಮಿಸುತ್ತಾರೆ. ಹೆಸರಾಂತ ವಿದ್ವಾಂಸನು ತಾನೇ ಕಲ್ಪಿಸಿದ ವಾದ್ಯದಲ್ಲಿ ಅಪಸ್ವರ ನುಡಿಸಿದರೆ ನಗುವವರು ನೂರು ಮಂದಿ. ಚೌಡಯ್ಯನವರು ಒತ್ತೆಯಿಟ್ಟದ್ದು ತಮ್ಮ ಹೆಸರನ್ನೇ. ಅವರು ಗೆದ್ದರು. ಹಿಂದಿನ ಸಾಲಿನವರಿಗೂ ಪಿಟೀಲು ಕೇಳಿಸಿತು.

ಎಲ್ಲರೂ ಒಪ್ಪಿದರೆಂದಲ್ಲ. ಪಿಟೀಲಿಗೆ ನಾಲ್ಕು ತಂತಿಗಳೇ ಸಾಕು, ಸಂಪ್ರದಾಯವನ್ನು ಕದಲಿಸಬಾರದು ಎಂದವರೂ ಇದ್ದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಚೌಡಯ್ಯನವರ ತರುವಾಯ ಏಳು ತಂತಿಯ ಪಿಟೀಲು ಬಹಳವಾಗಿ ಬಳಕೆಗೆ ಬರಲಿಲ್ಲ. ಆದರೆ ಮುಂದೆ ಧ್ವನಿವರ್ಧಕ ಬಂದು, ಹೆಚ್ಚಿನ ತಂತಿಗಳ ಅಗತ್ಯವೇ ತಪ್ಪಿದ ಮೇಲೂ ಅವರು ಹಳೆಯ ವಾದ್ಯಕ್ಕೆ ಹಿಂದಿರುಗಲಿಲ್ಲ. ಅದು ಆ ವೇಳೆಗೆ ಉಪಾಯವಾಗಿ ಉಳಿದಿರಲಿಲ್ಲ, ಅವರ ಕಂಠವೇ ಆಗಿಹೋಗಿತ್ತೆಂದು ನಮ್ಮ ಎಣಿಕೆ. ಅವರ ಧ್ವನಿಮುದ್ರಣಗಳು ಇಂದಿಗೂ ದೊರೆಯುತ್ತವೆ. ಕೇಳಿದಾಗ ಒಂದು ಕಮಾನಿನ ಅಡಿಯಲ್ಲಿ ಇಬ್ಬರು ಕೂಡಿ ನುಡಿಸಿದಂತೆ ತೋರುತ್ತದೆ.

ಕೇರಳಕ್ಕೂ ಈ ನಾದಕ್ಕೂ ನಂಟುಂಟು. ಪಾಲಕ್ಕಾಡು ಸೀಮೆಯ ಚೆಂಬೈ ವೈದ್ಯನಾಥ ಭಾಗವತರದು ಗಂಭೀರವಾದ, ತುಂಬಿದ ಶಾರೀರ. ಅಂತಹ ಶಾರೀರಕ್ಕೆ ಸರಿಜೋಡಿಯಾಗಿ ನಿಂತದ್ದು ಚೌಡಯ್ಯನವರ ಏಳು ತಂತಿ. ಇವರಿಬ್ಬರೊಡನೆ ಪಾಲಕ್ಕಾಡು ಮಣಿ ಅಯ್ಯರ್ ಅವರ ಮೃದಂಗ ಸೇರಿದರೆ ಸಭೆ ಕಿಕ್ಕಿರಿಯುತ್ತಿತ್ತು. 1943ರಲ್ಲಿ ಚೌಡಯ್ಯನವರು ತಯಾರಿಸಿದ ವಾಣಿ ಎಂಬ ಕನ್ನಡ ಚಲನಚಿತ್ರದಲ್ಲಿಯೂ ಈ ಮೂವರ ಕಚೇರಿ ಇತ್ತು.

ಗೌರವಗಳು ತಾವಾಗಿ ಬಂದವು. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ವಿದ್ವಾಂಸರನ್ನಾಗಿ ನಿಯಮಿಸಿದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ದೊರೆಯಿತು. ತ್ರಿಮಕುಟ ಎಂಬ ಅಂಕಿತದಲ್ಲಿ ಅವರು ಕೃತಿಗಳನ್ನು ರಚಿಸಿದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ಸ್ಥಾಪಿಸಿದರು.

1967ರ ಜನವರಿ 19ರಂದು ಚೌಡಯ್ಯನವರು ದಿವಂಗತರಾದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕ ಭವನ 1980ರಲ್ಲಿ ಸಿದ್ಧವಾಯಿತು. ಇಡೀ ಕಟ್ಟಡಕ್ಕೆ ಪಿಟೀಲಿನ ಆಕಾರವಿದೆ. ಅದರ ಹಿಂದಿನ ಸಾಲಿನಲ್ಲಿ ಕುಳಿತು ನಾವು ಒಮ್ಮೆ ಕಚೇರಿ ಕೇಳಿದೆವು; ಪಿಟೀಲು ಸ್ಪಷ್ಟವಾಗಿ ಕೇಳಿಸಿತು.